ಸೆಕ್ರೆಟರಿ ಹಾಸಿಗೆ ಹಿಡಿದ ಮೇಲೆ: 1966ರ ಒಂದು ಬಿ.ಎಸ್ಸಿ. ಬ್ಯಾಚಿನ ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ 1966ರಲ್ಲಿ ಬಿ.ಎಸ್ಸಿ. ಮುಗಿಸಿದ ತರಗತಿಯ ಗೆಳೆತನವನ್ನೆಲ್ಲ ಸುಮಾರು ಎರಡು ದಶಕ ಒಬ್ಬರೇ ಹೊತ್ತುಕೊಂಡಿದ್ದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಅವರನ್ನು ಯಾರೂ ಆರಿಸಿರಲಿಲ್ಲ. ಸಂಘ ನೋಂದಣಿಯಾಗಿರಲಿಲ್ಲ, ರಸೀದಿ ಪುಸ್ತಕವೂ ಇರಲಿಲ್ಲ. ಆದರೂ ಗೆಳೆಯರೆಲ್ಲ ಅವರನ್ನು ಸೆಕ್ರೆಟರಿ ಎಂದೇ ಕರೆಯುತ್ತಿದ್ದರು. ಯಾರ ಮನೆಯಲ್ಲಿ ಮೊಮ್ಮಗನ ಮದುವೆ, ಯಾರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಯಾರು ಮೈಸೂರಿನ ಮನೆ ಮಾರಿ ಬೆಂಗಳೂರಿನ ಮಗಳ ಮನೆ ಸೇರಿದರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಅವರಿಂದ ಉಳಿದವರಿಗೆ ಗೊತ್ತಾಗುತ್ತಿತ್ತು. ಒಂದು ಮಳೆಗಾಲ ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು. ಶಸ್ತ್ರಚಿಕಿತ್ಸೆ, ಸೋಂಕು, ಮತ್ತೆ ಆಸ್ಪತ್ರೆ ಎಂದು ತಿಂಗಳುಗಳು ಕಳೆದವು, ಫೋನು ಮಗನ ಕೈ ಸೇರಿತು. ಆ ನಡುವೆ ಬ್ಯಾಚಿನ ಇನ್ನೊಬ್ಬರು ತೀರಿಕೊಂಡರು. ಗೆಳೆಯರಿಗೆ ಸುದ್ದಿ ತಿಳಿದದ್ದು ಶಿವಗಣಾರಾಧನೆಯೂ ಮುಗಿದ ಎಷ್ಟೋ ದಿನಗಳ ಮೇಲೆ. ತೀರಿಕೊಂಡವರ ಮನೆಯಿಂದ ಎರಡು ಬೀದಿ ಆಚೆಗಿದ್ದ ಸಹಪಾಠಿಗೂ ಗೊತ್ತಾಗಿರಲಿಲ್ಲ.

ನನ್ನ ಭಾವ ಈ ಬ್ಯಾಚಿನವರು. ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಪಟ್ಟಿ, ಸೂಚಿ, ಚೀಟಿ ಎಂದರೆ ನನಗೆ ಊಟ ಬೇಡ ಎಂಬುದು ಮನೆಯವರಿಗೆಲ್ಲ ಗೊತ್ತಿರುವುದರಿಂದ, ಆ ಸಾವಿನ ನಂತರ ಭಾವ ಸೆಕ್ರೆಟರಿಯವರ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಇಲ್ಲಿ ಯಾರ ಹೆಸರನ್ನೂ ಕೊಟ್ಟಿಲ್ಲ. ಕಾಲೇಜಿನ ಹೆಸರನ್ನೂ ಬಿಟ್ಟಿದ್ದೇನೆ. ಅದರ ಬಗ್ಗೆ ಹೇಳಬೇಕಾದ ಒಂದೆರಡು ಮಾತು ಹಿತವಾಗಿಲ್ಲ, ಮತ್ತು ಅಂಥ ಕಾಲೇಜು ಪ್ರತಿ ಜಿಲ್ಲೆಯಲ್ಲೂ ಒಂದಾದರೂ ಇದೆ.

ಬ್ಯಾಚು ಮತ್ತು ಅದರ ಕಾಲ

ಇವರಲ್ಲಿ ಬಹುಪಾಲು ಜನ 1945-46ರ ಆಸುಪಾಸಿನಲ್ಲಿ ಹುಟ್ಟಿದವರು. ಎಸ್ಸೆಸ್ಸೆಲ್ಸಿ, ಒಂದು ವರ್ಷದ ಪಿಯುಸಿ, ಆಮೇಲೆ ಮೂರು ವರ್ಷದ ಪದವಿ. ಹೆಚ್ಚಿನವರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಚೀನಾ ಯುದ್ಧದ ಬಿಸಿ ಆರುವ ಮುನ್ನವೇ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಹಾಗಾಗಿ ಇವರ ನೆನಪುಗಳಲ್ಲಿ ಪಾಠಕ್ಕಿಂತ ಪೆರೇಡ್ ಹೆಚ್ಚು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಹಿಂದೆಯೇ ಬರ, ಅಕ್ಕಿಗೆ ತತ್ವಾರ. ಹಾಸ್ಟೆಲಿನ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಗೋಧಿ ಹೆಚ್ಚಾದುದನ್ನು ಎಲ್ಲರೂ ಇಂದಿಗೂ ಹೇಳುತ್ತಾರೆ.

ಪದವಿ ಕೈಗೆ ಬಂದ ಮೂರು ವರ್ಷಕ್ಕೆ, 1969ರಲ್ಲಿ, ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಹಳ್ಳಿ ಹಳ್ಳಿಗೂ ಶಾಖೆ ತೆರೆದಂತೆ ಈ ತರಗತಿಯ ಒಂದು ಗುಂಪು ಕೌಂಟರಿನ ಹಿಂದೆ ಕುಳಿತಿತು. ಕೆಲವರು ವಿದ್ಯುತ್ ಮಂಡಳಿಗೆ, ಕೆಲವರು ಜೀವವಿಮಾ ನಿಗಮಕ್ಕೆ, ಕೆಲವರು ಬೆಂಗಳೂರಿನ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಗೆ ಹೋದರು. ಉಳಿದವರು ಪ್ರೌಢಶಾಲೆಗಳಲ್ಲಿ ವಿಜ್ಞಾನದ ಮೇಷ್ಟರಾದರು. ಅಮೆರಿಕ 1965ರಲ್ಲಿ ವಲಸೆ ಕಾನೂನು ಬದಲಿಸಿ ಏಷ್ಯಾದವರಿಗೆ ಬಾಗಿಲು ತೆರೆದಿದ್ದರಿಂದ ಒಬ್ಬರು ನ್ಯೂಜೆರ್ಸಿ ತಲುಪಿದರು. ತಂದೆ ತೀರಿಕೊಂಡದ್ದರಿಂದ ಒಬ್ಬರು ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡರು. ಬ್ಯಾಚಿನಲ್ಲಿ ಅತ್ಯಂತ ಜಾಣ ಎಂದು ಎಲ್ಲರೂ ಒಪ್ಪುವುದು ಅವರನ್ನೇ.

ಯಾರ ಸ್ನೇಹ ಯಾರ ಜೊತೆ ಉಳಿಯಿತು ಎಂಬುದನ್ನು ನೋಡುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹಾಜರಿ ಪುಸ್ತಕದ ಕ್ರಮದಲ್ಲೇ ಮೇಜು ಹಂಚುತ್ತಿದ್ದರು. ಲವಣ ವಿಶ್ಲೇಷಣೆಯ ದಿನ ಅನಿಲ ತಯಾರಿಸುವ ಕಿಪ್ ಉಪಕರಣದ ಮುಂದೆ ಹೈಡ್ರೋಜನ್ ಸಲ್ಫೈಡಿನ ನಾತ ಕುಡಿಯುತ್ತ, ಎರಡನೆಯ ಗುಂಪಿನ ಲೋಹ ಇದೆಯೋ ಇಲ್ಲವೋ ಎಂದು ಒಬ್ಬರ ಪ್ರನಾಳ ಒಬ್ಬರು ಇಣುಕಿ ನೋಡಿದವರು ಇಂದಿಗೂ ವಾರಕ್ಕೊಮ್ಮೆ ಮಾತಾಡುತ್ತಾರೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಅಕ್ಕಪಕ್ಕ ಬಿದ್ದ ಹೆಸರುಗಳು ಅರವತ್ತು ವರ್ಷ ಬಾಳುವ ಗೆಳೆತನಗಳಾದವು. ಅಲ್ಲಿ ಜಾತಿ ಅಡ್ಡ ಬರಲಿಲ್ಲ, ಬರಲು ಅವಕಾಶವೂ ಇರಲಿಲ್ಲ. ಹಾಸ್ಟೆಲಿನ ಕಥೆ ಬೇರೆ. ಆಗಿನ ವಿದ್ಯಾರ್ಥಿ ನಿಲಯಗಳು ಮಠದವು, ಸಮುದಾಯದವು. ಊಟ ಒಂದೇ ಕಡೆ, ಓದು ಒಂದೇ ಕಡೆ, ಊರಿಗೆ ಹೋಗುವ ಬಸ್ಸೂ ಒಂದೇ. ಆ ಸ್ನೇಹಗಳೂ ಗಟ್ಟಿಯಾದವೇ. ಆದರೆ ಸೆಕ್ರೆಟರಿಯವರ ಮೊದಲ ಪಟ್ಟಿಯಲ್ಲಿ ಒಂದು ಹಾಸ್ಟೆಲಿನವರ ವಿಳಾಸವೆಲ್ಲ ಪೂರ್ತಿಯಾಗಿದ್ದು, ಊರಾಚೆಯಿಂದ ಸೈಕಲ್ ತುಳಿದು ಬರುತ್ತಿದ್ದ ಹುಡುಗರ ಹೆಸರಿನ ಮುಂದೆ ಬರೀ ಊರಿನ ಹೆಸರು ಇತ್ತು. ಇದನ್ನು ಅವರೇ ಮೊದಲು ಗಮನಿಸಿ ಸರಿಪಡಿಸತೊಡಗಿದ್ದರು ಎಂಬುದನ್ನೂ ಹೇಳಬೇಕು.

ನೋಟ್‌ಬುಕ್ಕು

ಅದು ಬ್ಯಾಂಕಿನ ಹಳೆಯ ಲೆಡ್ಜರ್ ಮಾದರಿಯ ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ. ಎಡಪುಟದಲ್ಲಿ ಹೆಸರು, ತಂದೆಯ ಹೆಸರು, ಸ್ವಂತ ಊರು, ಈಗಿನ ವಿಳಾಸ, ಫೋನು. ಬಲಪುಟದಲ್ಲಿ ತಾರೀಖು ಹಾಕಿ ಒಂದೊಂದು ಸಾಲು: ‘ಮಾತಾಡಿದೆ. ಸಕ್ಕರೆ ಹೆಚ್ಚಾಗಿದೆ ಎಂದ.’ ‘ಸೊಸೆ ಎತ್ತಿಕೊಂಡರು. ಮಲಗಿದ್ದಾನೆ.’ ‘ಕಿವಿ ಕೇಳುವುದಿಲ್ಲ. ಇನ್ನು ಮುಂದೆ ಕಾಗದವೇ ಸರಿ.’ ನಿಧನರಾದವರ ಹೆಸರನ್ನು ಹೊಡೆದು ಹಾಕಿರಲಿಲ್ಲ. ಕೆಂಪು ಶಾಯಿಯಲ್ಲಿ ತಾರೀಖು ಬರೆದು, ಕೆಳಗೆ ಹೆಂಡತಿಯ ಹೆಸರು, ಮಕ್ಕಳ ನಂಬರು ಸೇರಿಸಿದ್ದರು. ಹಿರಿಯ ವಿದ್ಯಾರ್ಥಿಗಳ ಮುದ್ರಿತ ಡೈರೆಕ್ಟರಿಗಳನ್ನು ನನ್ನ ಕೆಲಸದ ದಿನಗಳಲ್ಲಿ ಎಷ್ಟೋ ನೋಡಿದ್ದೇನೆ. ಅವು ಅಚ್ಚಾದ ದಿನವೇ ಹಳತಾಗುತ್ತವೆ. ಈ ಪುಸ್ತಕ ಹಾಗಾಗಿರಲಿಲ್ಲ, ಬಲಪುಟದ ಕಾರಣಕ್ಕೆ.

ಪಟ್ಟಿ ಶುರುವಾದದ್ದು ಪದವಿಯ ಬೆಳ್ಳಿಹಬ್ಬಕ್ಕೆ, 1991ರಲ್ಲಿ, ಅಂಚೆ ಕಾರ್ಡುಗಳ ಮೂಲಕ. ಆಗ ಎಲ್ಲರೂ ಇನ್ನೂ ಕೆಲಸದಲ್ಲಿದ್ದವರು, ಮಕ್ಕಳ ಓದು, ಮದುವೆಗಳ ಗಡಿಬಿಡಿ. ಒಂದು ದಿನ ಸೇರಿ ಫೋಟೋ ತೆಗೆಸಿಕೊಂಡು ಹೋದರು, ಅಷ್ಟೇ. ಸರ್ಕಾರಿ ನೌಕರರು ಆಗಿನ ನಿಯಮದಂತೆ 58ಕ್ಕೆ, ಬ್ಯಾಂಕಿನವರು 60ಕ್ಕೆ ನಿವೃತ್ತರಾದರು. 2004ರಿಂದ 2006ರ ನಡುವೆ ಹೆಚ್ಚುಕಡಿಮೆ ಇಡೀ ತರಗತಿ ಕೈಬಿಡುವಾಗಿ ಕುಳಿತಿತು. ನಿಜವಾದ ಹುಡುಕಾಟ ಆಗ ಶುರುವಾಯಿತು.

ಕೈಯಲ್ಲಿದ್ದ ಆಧಾರ ಎರಡೇ. ಒಂದು, ಕೊನೆಯ ವರ್ಷದ ಆಟೋಗ್ರಾಫ್ ಪುಸ್ತಕಗಳು. ಗುಲಾಬಿ, ನೀಲಿ, ಹಳದಿ ಹಾಳೆಗಳಲ್ಲಿ ‘ಮರೆಯದಿರು’ ಎಂಬ ಶೈಲಿಯ ಪದ್ಯಗಳು, ಕೆಳಗೆ ವಿಳಾಸ: ಇಂಥವರ ಮಗ, ಇಂಥ ಗ್ರಾಮ, ಇಂಥ ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ, ಮೈಸೂರು ರಾಜ್ಯ. ಪಿನ್‌ಕೋಡ್ ಇಲ್ಲ, ಅದು ಬಂದದ್ದು 1972ರಲ್ಲಿ. ಮುಂದಿನ ವರ್ಷ ರಾಜ್ಯದ ಹೆಸರೇ ಕರ್ನಾಟಕವಾಯಿತು. ಜಿಲ್ಲೆಗಳೂ ನಿಂತಲ್ಲಿ ನಿಲ್ಲಲಿಲ್ಲ. ‘ಹರಪನಹಳ್ಳಿ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂದು ಬರೆದಿದ್ದ ಒಬ್ಬರ ಊರು 1997ರಲ್ಲಿ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಅವರು ಮಾತ್ರ ಅಷ್ಟು ವರ್ಷವೂ ಅದೇ ಮನೆಯಲ್ಲಿದ್ದರು. ಅವರ ಮನೆತನದ ಹೆಸರು ಹಿಡಿದು ಊರಿನ ಅಂಚೆಯಣ್ಣನನ್ನು ಕೇಳಿದಾಗ ಎರಡೇ ದಿನಕ್ಕೆ ಸಿಕ್ಕರು.

ಇನ್ನೊಂದು ಆಧಾರ, ರಟ್ಟಿಗೆ ಅಂಟಿಸಿದ ಗುಂಪು ಫೋಟೋ. ಕುಳಿತವರು, ನಿಂತವರು ಮೊದಲ ಸಾಲು, ಎರಡನೆಯ ಸಾಲು, ಎಡದಿಂದ ಬಲಕ್ಕೆ. ಹೆಸರಿನ ಪಟ್ಟಿಯ ಕೆಳತುದಿಯನ್ನು ಗೆದ್ದಲು ತಿಂದಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಸಾಲಿನವರ ಹೆಸರು ಹೋದದ್ದು ಹಾಗೆ. ಬಲತುದಿಯಲ್ಲಿ ಬಿಳಿ ಟೋಪಿ, ಕೋಟು ತೊಟ್ಟು ನಿಂತ ಪ್ರಯೋಗಾಲಯದ ಅಟೆಂಡರಿನ ಹೆಸರನ್ನು ಮೊದಲಿಗೇ ಬರೆದಿರಲಿಲ್ಲ. ಈ ಫೋಟೋದಲ್ಲಿ ಇಡೀ ತರಗತಿ ಇಲ್ಲವೆಂಬುದು ಭಾವನಿಂದ ತಿಳಿಯಿತು. ಪ್ರತಿಗೆ ದುಡ್ಡು ಕೊಡಬೇಕಿತ್ತು, ಕೊಡಲಾಗದ ಕೆಲವರು ಆ ದಿನ ಕಾಲೇಜಿಗೇ ಬರಲಿಲ್ಲ.

ಹೆಣ್ಣುಮಕ್ಕಳನ್ನು ಹುಡುಕಿದ್ದು ಬೇರೆಯೇ ಸಾಹಸ. ತರಗತಿಯಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದರು. ಮಹಿಳೆಯರ ಕೊಠಡಿಯಲ್ಲಿ ಕಾದಿದ್ದು ಅಧ್ಯಾಪಕರ ಹಿಂದೆಯೇ ತರಗತಿಗೆ ಬಂದು, ಮುಂದಿನ ಬೆಂಚಿನಲ್ಲಿ ಕುಳಿತು, ಅಧ್ಯಾಪಕರ ಹಿಂದೆಯೇ ಹೊರಗೆ ಹೋಗುತ್ತಿದ್ದವರು. ಹುಡುಗರ ಆಟೋಗ್ರಾಫ್ ಪುಸ್ತಕದಲ್ಲಿ ಅವರ ಕೈಬರಹ ಇರುವ ಪ್ರಶ್ನೆಯೇ ಇಲ್ಲ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಯಿತು, ಊರು ಬದಲಾಯಿತು, ಕೆಲವರ ಹೆಸರೇ ಬದಲಾಯಿತು. ಅವರಲ್ಲಿ ಒಬ್ಬರು ಸಿಕ್ಕಿದ್ದು ನಿವೃತ್ತ ಶಿಕ್ಷಕರ ಸಂಘದ ಪಟ್ಟಿಯಲ್ಲಿ, ಇನ್ನೊಬ್ಬರು ತವರಿನ ಅಣ್ಣನ ಮಗನ ಮೂಲಕ. ಇವರ ವಿಷಯದಲ್ಲಿ ಗಂಡಸರ ನಡವಳಿಕೆ ನನಗೆ ಇಂದಿಗೂ ಸೋಜಿಗ. ತಮ್ಮ ತಮ್ಮಲ್ಲಿ ‘ಏನಯ್ಯಾ’, ‘ಬಾರೋ’ ಎನ್ನುವವರು, ಜೊತೆಯಲ್ಲೇ ಓದಿದ ಈ ಹೆಣ್ಣುಮಕ್ಕಳನ್ನು ಎಂಬತ್ತರ ಹತ್ತಿರದಲ್ಲೂ ‘ತಾವು’ ಎಂದೇ ಮಾತಾಡಿಸುತ್ತಾರೆ. ಗುಂಪಿನಲ್ಲಿ ಅವರು ಬಾಯಿ ಬಿಡುವುದಿಲ್ಲ. ಆದರೆ ಅವರವರೇ ಪ್ರತಿ ಏಕಾದಶಿಗೆ ಫೋನಿನಲ್ಲಿ ಸೇರುತ್ತಾರೆಂದು ಆಮೇಲೆ ಗೊತ್ತಾಯಿತು. ಗಂಡಸರಿಗಿಂತ ಮೊದಲೇ ಅವರು ತಮ್ಮ ವ್ಯವಸ್ಥೆ ಮಾಡಿಕೊಂಡಿದ್ದರು.

ಎಲ್ಲಿ ಮುರಿಯಿತು

ವಾಟ್ಸ್‌ಆ್ಯಪ್ ಗುಂಪು ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು, ಈಗಲೂ ಇದೆ. ದಿನಕ್ಕೆ ಹತ್ತಾರು ಶುಭೋದಯ, ದೇವರ ಪಟ, ಬೆಳ್ಳುಳ್ಳಿಯಿಂದ ಹೃದಯರೋಗ ವಾಸಿ ಎಂಬ ಸಂದೇಶ, ಚುನಾವಣೆ ಬಂತೆಂದರೆ ಕಾದಾಟ. ಇಷ್ಟೆಲ್ಲ ಗದ್ದಲದ ನಡುವೆ ಯಾರು ಸುಮ್ಮನಿದ್ದಾರೆ ಎಂಬುದು ಯಾರಿಗೂ ಕಾಣುವುದಿಲ್ಲ. ಗುಂಪು ಮಾತಾಡುವವರನ್ನು ತೋರಿಸುತ್ತದೆ. ಸೆಕ್ರೆಟರಿಯವರ ಪುಸ್ತಕ ಸುಮ್ಮನಾದವರನ್ನು ತೋರಿಸುತ್ತಿತ್ತು, ಬಲಪುಟದಲ್ಲಿ ಆರು ವಾರ ಸಾಲು ಬೀಳದಿದ್ದರೆ ಅವರು ಫೋನು ಮಾಡುತ್ತಿದ್ದರು. ಈ ಪ್ರಕರಣದಿಂದ ಒಂದೇ ಮಾತು ತೆಗೆದುಕೊಳ್ಳಿ ಎಂದರೆ ನಾನು ಇದನ್ನೇ ಎತ್ತಿ ತೋರಿಸುತ್ತೇನೆ. ಇಷ್ಟು ವಯಸ್ಸಾದ ಬ್ಯಾಚಿನ ಜೀವ ಇರುವುದು ಸಮ್ಮಿಲನದಲ್ಲೂ ಅಲ್ಲ, ಗುಂಪಿನಲ್ಲೂ ಅಲ್ಲ, ಯಾರು ಮಾತು ನಿಲ್ಲಿಸಿದ್ದಾರೆ ಎಂದು ಲೆಕ್ಕ ಇಡುವವರ ಬಳಿ.

ತೀರಿಕೊಂಡವರು ಪತ್ನಿಯನ್ನು ಮೊದಲೇ ಕಳೆದುಕೊಂಡಿದ್ದರು. ಮಗಳು ಪುಣೆಯಲ್ಲಿ. ತಂದೆಯ ಫೋನಿನಲ್ಲಿ ಗುಂಪು ಇದೆಯೆಂದು ಆಕೆಗೆ ಗೊತ್ತಿದ್ದರೂ, ಸಾವಿನ ಸುದ್ದಿಯನ್ನು ಅಲ್ಲಿ ಹಾಕಬೇಕೆಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಫೋನಿನ ಕರೆನ್ಸಿ ಮುಗಿಯಿತು, ಸಂಖ್ಯೆ ನಿಂತಿತು. ನಮ್ಮಲ್ಲಿ ಹಾಗೆ ನಿಂತ ಮೊಬೈಲ್ ಸಂಖ್ಯೆಯನ್ನು ಕಡೇಪಕ್ಷ 90 ದಿನ ಬಿಟ್ಟು ಇನ್ನೊಬ್ಬರಿಗೆ ಕೊಡುತ್ತಾರೆ. ಭಾವ ಒಂದು ದಿನ ಹಳೆಯ ಗೆಳೆಯನ ಹೆಸರು ಒತ್ತಿ ನೋಡಿದರೆ ಅಲ್ಲಿ ಕಪ್ಪು ಕನ್ನಡಕದ ಯಾರೋ ಹುಡುಗನ ಚಿತ್ರ. ಮೊಮ್ಮಗನಿರಬೇಕೆಂದು ಕರೆ ಮಾಡಿದರು. ಹುಡುಗ ಹಿಂದಿಯಲ್ಲಿ ರಾಂಗ್ ನಂಬರ್ ಎಂದ. ಅನುಮಾನ ಬಂದದ್ದು ಅಲ್ಲಿಂದ. ಭಾವ ಹಳೆಯ ಪತ್ರಿಕೆಗಳ ರಾಶಿ ಕೆದಕಿ ಶ್ರದ್ಧಾಂಜಲಿ ಜಾಹೀರಾತು ಹುಡುಕಿ ತೆಗೆದರು.

ಕೋಪ ಬಂದದ್ದು ಸಹಜ. ಒಂದಿಬ್ಬರು ಮಗಳನ್ನು ದೂರಿದರು, ಒಬ್ಬರು ಹಾಸಿಗೆಯಲ್ಲಿದ್ದ ಸೆಕ್ರೆಟರಿಯನ್ನೇ ದೂರಿದರು. ಇಪ್ಪತ್ತು ವರ್ಷ ಒಬ್ಬನ ಬೆನ್ನ ಮೇಲೆ ಕುಳಿತು ಬಂದವರಿಗೆ, ಅವನು ಬಿದ್ದಾಗ ನೆಲ ಗಟ್ಟಿಯಾಗಿದೆ ಎಂದು ದೂರುವ ಹಕ್ಕಿಲ್ಲ ಎಂದು ನಾನು ಭಾವನ ಮುಂದೆ ಹೇಳಿದೆ. ಅದನ್ನು ಅವರು ಗುಂಪಿನಲ್ಲಿ ಹಾಕಿಬಿಟ್ಟರು. ಎರಡು ದಿನ ಶುಭೋದಯಗಳೂ ಬರಲಿಲ್ಲ.

ಕಾಲೇಜಿಗೆ ಏನು ನೆನಪಿತ್ತು

ಪಟ್ಟಿಯನ್ನು ಕಾಲೇಜಿಗೇ ಒಪ್ಪಿಸಿಬಿಡೋಣ, ಅದು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ಬ್ಯಾಚಿನವರ ಮೊದಲ ಯೋಚನೆ. ಕೇಳಲು ಸರಿಯಾಗಿಯೇ ಇದೆ. ಹೋಗಿ ನೋಡಿದಾಗ ತೊಡಕುಗಳು ಕಂಡವು.

ಈ ತರಗತಿ ಪದವಿ ಪಡೆದದ್ದು ಮೈಸೂರು ವಿಶ್ವವಿದ್ಯಾಲಯದಿಂದ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದಾಗ ಕಾಲೇಜು ಅದರ ತೆಕ್ಕೆಗೆ ಹೋಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಾಗ ಅದರ ತೆಕ್ಕೆಗೆ. ಹಾಗಾಗಿ 1966ರ ಪದವಿಯ ಬಗ್ಗೆ ಏನಾದರೂ ಬೇಕಿದ್ದರೆ ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನದ ಬಾಗಿಲು ತಟ್ಟಬೇಕು, ಪ್ರವೇಶದ ದಾಖಲೆ ಬೇಕಿದ್ದರೆ ಕಾಲೇಜಿನ ಉಗ್ರಾಣದ ಬೀಗ ತೆಗೆಸಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರ ಕಥೆ ಇನ್ನೂ ಉದ್ದ. ಅಲ್ಲಿ ಓದಿದ ವಿಶ್ವೇಶ್ವರಯ್ಯನವರು 1881ರಲ್ಲಿ ಪಡೆದದ್ದು ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ.; 1916ರ ನಂತರ ಅದೇ ಕಾಲೇಜು ಮೈಸೂರಿನದು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ್ದು, 2017ರಲ್ಲಿ ಆ ವಿಶ್ವವಿದ್ಯಾಲಯವನ್ನು ಒಡೆದಾಗ ಮತ್ತೊಂದರದು. ಕಟ್ಟಡ ಅದೇ ಇದ್ದರೂ ಅದರ ನೆನಪು ನಾಲ್ಕು ಕಚೇರಿಗಳಲ್ಲಿ ಹರಡಿಕೊಂಡಿರುತ್ತದೆ.

ನಮ್ಮ ಪ್ರಕರಣದ ಕಾಲೇಜಿನಲ್ಲಿ ಹಳೆಯ ಪ್ರವೇಶ ರಿಜಿಸ್ಟರುಗಳು ಮಳೆ ನೀರಿಗೆ ನೆನೆದು ಅಂಟಿಕೊಂಡಿದ್ದವು. ಗುಮಾಸ್ತರು ಒಳ್ಳೆಯವರು. ಹುಡುಕಲು ಬಿಟ್ಟರು, ಫ್ಯಾನ್ ಹಾಕಿಕೊಟ್ಟರು. ಹಿರಿಯ ವಿದ್ಯಾರ್ಥಿಗಳ ಸಂಘ ಇದೆಯೇ ಎಂದು ಕೇಳಿದರೆ ಇದೆ ಎಂದರು, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯೂ ಆಗಿದೆ. ಆದರೆ ಅದು ಹುಟ್ಟಿದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮಾನ್ಯತೆಯ ಹೊತ್ತಿಗೆ. ಆಗ ನ್ಯಾಕ್‌ನ ಐದನೆಯ ಮಾನದಂಡದಲ್ಲಿ ಹಿರಿಯ ವಿದ್ಯಾರ್ಥಿಗಳ ತೊಡಗಿಕೊಳ್ಳುವಿಕೆಗೆ ಪ್ರತ್ಯೇಕ ಅಂಕವಿತ್ತು. ತಜ್ಞರ ತಂಡ ಬರುವ ತಿಂಗಳು ಹಳೆಯ ವಿದ್ಯಾರ್ಥಿಗಳಿಗೆ ಫೋನು ಹೋಗುತ್ತಿತ್ತು, ಶಾಲು ಹೊದಿಸುತ್ತಿದ್ದರು, ಫೋಟೋ ಕಡತಕ್ಕೆ ಸೇರುತ್ತಿತ್ತು, ಆಮೇಲೆ ಮುಂದಿನ ಸುತ್ತಿನ ತನಕ ಮೌನ. ನಾನೂ ಒಂದು ಕಾಲೇಜಿನಲ್ಲಿ ಆ ಕಡತಗಳನ್ನು ಜೋಡಿಸಿದವಳೇ, ಅದಕ್ಕಾಗಿಯೇ ಸಿಟ್ಟು ಬರಲಿಲ್ಲ. ಇರುವ ಒಬ್ಬ ಗುಮಾಸ್ತ ಈಗಿನ ಮಕ್ಕಳ ದಾಖಲಾತಿ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕಗಳನ್ನು ಕಂಪ್ಯೂಟರಿಗೆ ಏರಿಸುವುದರಲ್ಲೇ ಹೈರಾಣಾಗಿದ್ದಾನೆ. ಎಂಬತ್ತು ವರ್ಷದವರಿಗೆ ಆರು ವಾರಕ್ಕೊಮ್ಮೆ ಫೋನು ಮಾಡು ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು?

ಇದೇ ಹೊತ್ತಿಗೆ ನ್ಯೂಜೆರ್ಸಿಯವರು ಅಲ್ಲಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದ್ಧತಿಯನ್ನು ವಿವರಿಸಿ ಒಂದು ಉದ್ದ ಧ್ವನಿ ಸಂದೇಶ ಕಳಿಸಿದರು. ಅವರ ಮನೆ ಆ ಊರಿನ ಸಮೀಪ. ಅಲ್ಲಿ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1900ರಿಂದ ನಡೆದುಬಂದಿದೆ. ಪ್ರತಿ ವರ್ಷದ ತರಗತಿಗೂ ಒಬ್ಬ ಕಾರ್ಯದರ್ಶಿ ಇರುತ್ತಾನೆ, ಸಹಪಾಠಿಗಳ ಸುದ್ದಿ ಕಲೆಹಾಕಿ ಪತ್ರಿಕೆಗೆ ಬರೆಯುವುದು ಅವನ ಕೆಲಸ, ಸತ್ತವರ ಬಗ್ಗೆ ಕಿರು ಟಿಪ್ಪಣಿಯನ್ನೂ ಸಹಪಾಠಿಗಳೇ ಬರೆಯುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಮೆರವಣಿಗೆಯಲ್ಲಿ, ಬಂದವರ ಪೈಕಿ ಅತಿ ಹಳೆಯ ತರಗತಿಯ ಹಿರಿಯರಿಗೆ, 1923ರ ತರಗತಿಯವರು ಕಾಣಿಕೆಯಾಗಿ ಕೊಟ್ಟ ಊರುಗೋಲನ್ನು ಹಿಡಿಯುವ ಗೌರವ. ನಮ್ಮವರಿಗೆ ಊರುಗೋಲು ಬಹಳ ಹಿಡಿಸಿತು, ಇಲ್ಲೂ ಒಂದು ಮಾಡಿಸೋಣ ಎಂದು ಎರಡು ವಾರ ಚರ್ಚೆಯಾಯಿತು. ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಕಾರ್ಯದರ್ಶಿ ಎಂಬುದು ಒಂದು ಹುದ್ದೆ. ಒಬ್ಬರು ಹೋದರೆ ಇನ್ನೊಬ್ಬರು ಕೂರುತ್ತಾರೆ. ನಮ್ಮಲ್ಲಿ ಅದು ಒಬ್ಬ ಮನುಷ್ಯನ ಸ್ವಭಾವವಾಗಿತ್ತು.

ಹೊಸ ವ್ಯವಸ್ಥೆ

ಸೆಕ್ರೆಟರಿಯವರು ವಾಕರ್ ಹಿಡಿದು ನಡೆಯುವಂತಾದ ಮೇಲೆ ಅವರ ಮನೆಯಲ್ಲೇ ನಾಲ್ಕಾರು ಜನ ಸೇರಿದರು. ಪುಸ್ತಕವನ್ನು ಬಿಟ್ಟುಕೊಡಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಬಿಡಬೇಕಾಗಿಯೂ ಇಲ್ಲ, ನಕಲು ಸಾಕು ಎಂದ ಮೇಲೆ ಮೃದುವಾದರು.

ಬದುಕಿರುವವರನ್ನು ಐದಾರು ಜನರ ಕೂಟಗಳಾಗಿ ಹಂಚಿದೆವು. ಊರಿನ ಪ್ರಕಾರ ಹಂಚೋಣವೆಂದು ಕೆಲವರು, ಹಾಸ್ಟೆಲಿನ ಪ್ರಕಾರವೆಂದು ಕೆಲವರು. ನಾನು ಪ್ರಯೋಗಾಲಯದ ಮೇಜಿನ ಪ್ರಕಾರ ಎಂದೆ, ಕೊನೆಗೆ ಅದೇ ಆಯಿತು. ಪ್ರತಿ ಕೂಟಕ್ಕೂ ಫೋನು ಮಾಡುವವರು ಒಬ್ಬರು, ಅವರು ಮಲಗಿದರೆ ಮಾಡುವವರು ಇನ್ನೊಬ್ಬರು. ಪ್ರತಿಯೊಬ್ಬರ ಹೆಸರಿನ ಮುಂದೆ ಮನೆಯ ಕಿರಿಯರೊಬ್ಬರ ನಂಬರು ಕಡ್ಡಾಯ. ಮಗ, ಮಗಳು, ಸೊಸೆ, ಪಕ್ಕದ ಮನೆಯ ಹುಡುಗ ಯಾರಾದರೂ ಸರಿ. ಹಾಗೆಯೇ ಆ ಕಿರಿಯರ ಫೋನಿನಲ್ಲಿ ಕೂಟದ ಇಬ್ಬರ ಸಂಖ್ಯೆ ‘ಅಪ್ಪನ ಕಾಲೇಜು’ ಎಂಬ ಹೆಸರಿನಲ್ಲಿ ಇರಬೇಕು. ಈ ಒಂದು ಚಿಕ್ಕ ಉಪಾಯ ಪುಣೆಯ ಮಗಳದೇ. ತಂದೆಯ ಫೋನಿನಲ್ಲಿ ಮುನ್ನೂರು ಹೆಸರಿದ್ದವು, ಯಾರು ಯಾರೆಂದು ನನಗೇನು ಗೊತ್ತು ಎಂದು ಆಕೆ ಕೇಳಿದ್ದು ನ್ಯಾಯವಾಗಿತ್ತು. ಈಗ ಆಕೆಯೂ ತಂದೆಯ ಜಾಗದಲ್ಲಿ ಒಂದು ಕೂಟದಲ್ಲಿದ್ದಾಳೆ. ತೀರಿಕೊಂಡವರ ಪತ್ನಿಯರನ್ನು ಸೆಕ್ರೆಟರಿ ಮೊದಲಿನಿಂದಲೂ ಬಿಟ್ಟಿರಲಿಲ್ಲ, ಹೊಸ ಪಟ್ಟಿಯಲ್ಲೂ ಅವರು ಪೂರ್ಣ ಸದಸ್ಯರು.

ಸಾವಿನ ಸುದ್ದಿಯನ್ನು ಮೊದಲು ಫೋನಿನಲ್ಲಿ ಹೇಳಬೇಕು, ಗುಂಪಿನಲ್ಲಿ ಹಾಕುವುದು ಆಮೇಲೆ ಎಂದು ತೀರ್ಮಾನವಾಯಿತು. ಒಂಟಿಯಾಗಿರುವವರು ಬೆಳಗಿನ ಜಾವ ಪರದೆಯ ಮೇಲೆ ಜೊತೆಗಾರನ ಪಟವನ್ನೂ ಮೂವತ್ತು ಕೈಮುಗಿದ ಚಿಹ್ನೆಗಳನ್ನೂ ನೋಡುವಂತಾಗಬಾರದು.

ಕಿವಿಯದು ದೊಡ್ಡ ತಲೆನೋವು. ವಯಸ್ಸಿನ ಕಿವುಡು ಮೊದಲು ಕಸಿಯುವುದು ಎತ್ತರದ ಸ್ವರಗಳನ್ನು. ಸ, ಶ, ಫ ಮುಂತಾದ ಸದ್ದುಗಳು ಮಸುಕಾಗುತ್ತವೆ, ದನಿ ಕೇಳುತ್ತದೆ ಆದರೆ ಮಾತು ತಿಳಿಯುವುದಿಲ್ಲ. ಜೋರಾಗಿ ಕೂಗಿದರೆ ಪ್ರಯೋಜನವಿಲ್ಲ, ನಿಧಾನವಾಗಿ ಹೇಳಬೇಕು. ಫೋನು ಬೇಡವೆಂದ ಇಬ್ಬರಿಗೆ ಅಂಚೆಯಲ್ಲೇ ಪತ್ರ ಹೋಗುತ್ತದೆ, ಅಡಿಕೆ ತೋಟದವರು ಅದನ್ನು ವಹಿಸಿಕೊಂಡಿದ್ದಾರೆ. ಸಮ್ಮಿಲನವನ್ನೂ ಇದೇ ಕಾರಣಕ್ಕೆ ಕಲ್ಯಾಣ ಮಂಟಪದಿಂದ ಒಂದು ಮನೆಯ ಪಡಸಾಲೆಗೆ ತಂದರು. ಮೈಕಿನ ಪ್ರತಿಧ್ವನಿಯಲ್ಲಿ ಶ್ರವಣ ಸಾಧನ ಹಾಕಿಕೊಂಡವರಿಗೆ ಏನೂ ಕೇಳುತ್ತಿರಲಿಲ್ಲ, ಬಂದ ವರ್ಷವೆಲ್ಲ ಸುಮ್ಮನೆ ನಕ್ಕು ಹೋಗಿದ್ದರು. ಮೆಟ್ಟಿಲಿಲ್ಲದ ಮನೆ, ಕುರ್ಚಿಯಂತೆ ಕೂರುವ ಶೌಚಾಲಯ, ಮಧುಮೇಹದವರಿಗೆ ಹನ್ನೆರಡೂವರೆಗೆ ಊಟ, ಬೆಳಕಿರುವಾಗಲೇ ವಾಪಸ್ ಪ್ರಯಾಣ. ಸನ್ಮಾನ, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲಕ್ಕೂ ಕತ್ತರಿ. ಒಬ್ಬರಿಗೆ ಮಾತ್ರ ಬೇಸರವಾಯಿತು, ವಂದನಾರ್ಪಣೆ ಪ್ರತಿ ವರ್ಷ ಅವರದಾಗಿತ್ತು.

ಎಲ್ಲವೂ ನಡೆಯಿತೆಂದೇನಲ್ಲ. ಒಂದು ಕೂಟ ಮೊದಲ ತಿಂಗಳಲ್ಲೇ ಮಲಗಿತು, ಫೋನು ಮಾಡಬೇಕಾದವರಿಗೆ ಮರೆವಿನ ಕಾಯಿಲೆ ಶುರುವಾಗಿದ್ದುದು ಮನೆಯವರಿಗೂ ಆಗಲೇ ತಿಳಿದದ್ದು. ಅವರನ್ನು ಬದಲಾಯಿಸಲಿಲ್ಲ, ಈಗ ಅವರ ಹೆಂಡತಿ ನಂಬರು ಒತ್ತಿಕೊಡುತ್ತಾರೆ, ಎರಡನೆಯವರೂ ಪ್ರತ್ಯೇಕವಾಗಿ ಮಾಡುತ್ತಾರೆ. ಇನ್ನೊಬ್ಬರು ತಮ್ಮ ಆರೋಗ್ಯದ ವಿಷಯ ಪುಸ್ತಕದಲ್ಲಿ ಬರೆಯುವುದೇ ಬೇಡ ಎಂದರು. ಅವರ ಬಲಪುಟದಲ್ಲಿ ತಾರೀಖು ಮಾತ್ರ ಇದೆ.

ಪಟ್ಟಿಯಲ್ಲಿ ಯಾರಿರಬೇಕು

ನಿಜವಾದ ಜಗಳವಾದದ್ದು ಇದರ ಮೇಲೆ. ಫಲಿತಾಂಶದ ಪಟ್ಟಿಯನ್ನು ಹಿಡಿದರೆ 1966ರಲ್ಲಿ ತೇರ್ಗಡೆಯಾದವರು ಮಾತ್ರ ಬ್ಯಾಚಿನವರು. ಆದರೆ ಮೂರು ವರ್ಷ ಜೊತೆಗೆ ಕುಳಿತು, ಇಂಗ್ಲಿಷ್ ಪತ್ರಿಕೆಯಲ್ಲೋ ಗಣಿತದಲ್ಲೋ ಉರುಳಿ, ಮರುಪರೀಕ್ಷೆಗೆ ಶುಲ್ಕ ಕಟ್ಟಲಾಗದೆ ಊರಿಗೆ ಹೋದವರು? ಅವರು ಎಲ್ಲಿಯೂ ಇಲ್ಲ. ಮುಂದಿನ ವರ್ಷ ಪಾಸಾದವರನ್ನು 1967ರವರು ತಮ್ಮವರೆಂದು ಎಣಿಸಲಿಲ್ಲ, ಇವರೂ ಕರೆಯಲಿಲ್ಲ. ಸೆಕ್ರೆಟರಿಯವರ ಪುಸ್ತಕದ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಪುಟವಿತ್ತು, ಇಂಥವರ ಹೆಸರುಗಳದ್ದು. ಅವರು ಅಷ್ಟು ವರ್ಷ ಹುಡುಕಿದ್ದರು, ಆದರೆ ಕರೆಯಲು ಸಂಕೋಚ. ಕರೆದರೆ ಅವರಿಗೆ ನೋವಾಗುತ್ತದೆ ಎಂದು ಕೆಲವರ ವಾದ. ನೋವಾಗುತ್ತದೆಯೋ ಇಲ್ಲವೋ ಎಂಬುದನ್ನು ಅವರೇ ಹೇಳಲಿ ಎಂಬುದು ನನ್ನ ವಾದ. ನಾನು ಹೊರಗಿನವಳು ಎಂಬ ಮಾತೂ ಬಂತು.

ಕೊನೆಗೆ ಭಾವ ಆ ಪುಟದ ಒಬ್ಬರಿಗೆ ಫೋನು ಮಾಡಿದರು. ಅವರು ತಾಲ್ಲೂಕು ಕೇಂದ್ರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟು ಮಕ್ಕಳಿಬ್ಬರನ್ನು ಎಂಜಿನಿಯರ್ ಮಾಡಿದವರು. ತರಗತಿಯ ಹಾಜರಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಒಪ್ಪಿಸಿದರು, ಇನಿಷಿಯಲ್ ಸಮೇತ. ಗೆದ್ದಲು ತಿಂದ ಸಾಲಿನ ಹೆಸರುಗಳು ದೊರೆತದ್ದು ಹಾಗೆ. ಅಟೆಂಡರಿನ ಹೆಸರೂ ಅವರಿಗೆ ನೆನಪಿತ್ತು. ಕರೆಯುವುದೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ನಿಂತಿತು. ಪೆನ್ಸಿಲಿನ ಪುಟದ ಇನ್ನಿಬ್ಬರು ಬರುವುದಿಲ್ಲ ಎಂದರು, ಕಾರಣ ಹೇಳಲಿಲ್ಲ. ಅವರ ಹೆಸರು ಪಟ್ಟಿಯಲ್ಲಿದೆ, ಫೋನು ಹೋಗುವುದಿಲ್ಲ.

ಉಳಿದ ಕೆಲಸ

1991ರಲ್ಲಿ ಇವರು ಕಾಲೇಜಿನಲ್ಲಿ ಒಂದು ದತ್ತಿ ಇಟ್ಟಿದ್ದರು, ರಸಾಯನಶಾಸ್ತ್ರದಲ್ಲಿ ಮೊದಲ ಸ್ಥಾನ ಬಂದವರಿಗೆ ಚಿನ್ನದ ಪದಕ. ಹತ್ತು ಸಾವಿರ ರೂಪಾಯಿಗೆ ಶೇಕಡ 10ರ ಬಡ್ಡಿ ಸಿಗುತ್ತಿದ್ದ ದಿನಗಳಲ್ಲಿ ವರ್ಷಕ್ಕೆ 1,000 ರೂಪಾಯಿ. ಬಡ್ಡಿ ಶೇಕಡ 7ಕ್ಕೆ ಇಳಿದರೆ 700. ಚಿನ್ನದ ಬೆಲೆಯ ಮಾತು ಎತ್ತುವುದೇ ಬೇಡ. ಪದಕ ಯಾವಾಗಲೋ ಪ್ರಶಸ್ತಿಪತ್ರವಾಗಿ, ಆಮೇಲೆ ಅದೂ ನಿಂತಿತ್ತು. ಈಗ ಬ್ಯಾಚಿನವರು ಅಸಲನ್ನು ಹೆಚ್ಚಿಸಿ, ಪದಕವನ್ನು ಕೈಬಿಟ್ಟು, ಬಡ್ಡಿಯ ಹಣವನ್ನು ಮರುಪರೀಕ್ಷೆಗೆ ಕೂರುವ ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಕೊಡಬೇಕೆಂದು ಪ್ರಾಂಶುಪಾಲರಿಗೆ ಬರೆದಿದ್ದಾರೆ. ಗೊಬ್ಬರದ ಅಂಗಡಿಯವರ ಸೂಚನೆ ಅದು, ಮೊದಲ ಕಂತೂ ಅವರದೇ. ಫೇಲಾದವರಿಗೆ ದತ್ತಿ ಕೊಡಲು ನಿಯಮಾವಳಿಯಲ್ಲಿ ಅವಕಾಶವಿಲ್ಲ, ಆಡಳಿತ ಮಂಡಳಿಯ ಮುಂದಿಡುತ್ತೇವೆ ಎಂದು ಉತ್ತರ ಬಂದಿದೆ.

ಪುಸ್ತಕದ ನಕಲು ಮೂರು ಕಡೆ ಇದೆ: ಭಾವನ ಬಳಿ, ಪುಣೆಯ ಮಗಳ ಬಳಿ, ಕಾಲೇಜಿನ ಗ್ರಂಥಾಲಯದಲ್ಲಿ. ಗ್ರಂಥಾಲಯದ ಪ್ರತಿಯಲ್ಲಿ ಬಲಪುಟಗಳಿಲ್ಲ, ಕಾಯಿಲೆಯ ಮಾತು ಕಪಾಟಿಗೆ ಹೋಗುವುದು ಬೇಡವೆಂದು ತೆಗೆದೆವು. 1967ರ ಬ್ಯಾಚಿನ ಒಬ್ಬರು ಬಂದು ಮಾದರಿ ಕೇಳಿಕೊಂಡು ಹೋಗಿದ್ದಾರೆ. ಅವರಲ್ಲಿ ಫೋನು ಮಾಡುವವರು ಯಾರೂ ಇಲ್ಲವಂತೆ, ಎಲ್ಲರೂ ಕೇವಲ ಎತ್ತಿಕೊಳ್ಳುವವರಂತೆ. ಮೊದಲು ಅಂಥವರೊಬ್ಬರನ್ನು ಹುಡುಕಿ, ಪುಸ್ತಕ ಆಮೇಲೆ ಕೊಳ್ಳಬಹುದು ಎಂದು ನಮ್ಮ ಸೆಕ್ರೆಟರಿ ವಾಕರ್ ಹಿಡಿದು ಗೇಟಿನ ತನಕ ಹೋಗಿ ಹೇಳಿ ಕಳಿಸಿದರು.